ಕೂಗಿ ಕರೆದ ಮದುವೆ

ನಮ್ಮಪ್ಪನ ಗದ್ದೆ ಇದ್ದ ಜಾಗದಲ್ಲಿ ಈಗ ಗ್ಯಾಸ್ಟ್ರೋಪಬ್ ಎಂಬ ಹೋಟೆಲು ಬಂದಿದೆ. ಆ ಹೆಸರು ಮೊದಲು ಕಿವಿಗೆ ಬಿದ್ದಾಗ, "ಗ್ಯಾಸ್ಟ್ರಿಕ್ ಇರೋರಿಗೇ ಅಂತ ಮಾಡವ್ರೇನೇ?" ಎಂದು ಮಗಳನ್ನು ಕೇಳಿದ್ದೆ. ಅವಳು ನಕ್ಕು ನಕ್ಕು ಸುಸ್ತಾದಳು. ಊಟವೂ ಸಿಗುತ್ತದೆ, ಬಿಯರೂ ಸಿಗುತ್ತದೆ, ಹೊಳೆ ನೋಡಿಕೊಂಡು ಎಷ್ಟು ಹೊತ್ತು ಬೇಕಾದರೂ ಕೂತಿರಬಹುದು, ಅಷ್ಟೇ ಎಂದು ವಿವರಿಸಿದಳು. ಹೊಳೆ ನೋಡುವುದಕ್ಕೆ ನಾನು ಹೋಟೆಲಿಗೆ ಹೋಗಬೇಕೇ? ಹುಟ್ಟಿದ್ದು ಹೊಳೆ ದಡದಲ್ಲಿ, ಬಟ್ಟೆ ಒಗೆದದ್ದು ಹೊಳೆಯಲ್ಲಿ, ಎರಡು ಸಲ ಮುಳುಗಿ ಬದುಕಿದ್ದೂ ಅದೇ ಹೊಳೆಯಲ್ಲಿ.

ಆದರೂ ಎರಡು ವರ್ಷದಿಂದ ಅವಳು ಕರೆಯುತ್ತಲೇ ಇದ್ದಳು, ನಾನು ಒಂದಲ್ಲ ಒಂದು ನೆಪ ಹೇಳುತ್ತಲೇ ಇದ್ದೆ. ಮೊಣಕಾಲು ನೋವು. ಅಂಗಳದಲ್ಲಿ ಮೆಣಸು ಒಣಗಲು ಹಾಕಿದ್ದೇನೆ. ನಿಮ್ಮಪ್ಪನಿಗೆ ಯಾರು ಬಡಿಸುತ್ತಾರೆ. ನಿಜವಾದ ಕಾರಣ ಅವಳಿಗೂ ಗೊತ್ತಿತ್ತು. ಆ ಹೋಟೆಲಿನ ಎದುರಿಗೆ, ಹೊಳೆಯ ಆಚೆ ದಡದಲ್ಲಿ, ನನ್ನ ಅಕ್ಕನ ಮನೆಯಿದೆ. ಅಕ್ಕ ನನ್ನ ಜೊತೆ ಮಾತು ಬಿಟ್ಟು ಏಳು ವರ್ಷವಾಗಿತ್ತು.

ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಳೆಗೆ ತಾಗಿದಂತೆ ಗದ್ದೆ ಮಾಡಿದವನು. ಅಕ್ಕನನ್ನು ನೇರ ಎದುರು ದಡಕ್ಕೆ ಕೊಟ್ಟ. ಹೊಳೆ ದಾಟಿದರೆ ಮೈಸೂರು ಜಿಲ್ಲೆ. ಜಿಲ್ಲೆ ಬೇರೆಯಾದರೂ ದೂರವೆಂದರೆ ಒಂದು ಕೂಗಳತೆ. ನೀರು ಕಡಿಮೆಯಿದ್ದಾಗ ತೆಪ್ಪದಲ್ಲಿ ಐದು ನಿಮಿಷ. ಸೇತುವೆ ಸುತ್ತಿ ಹೋದರೆ ಹದಿನಾರು ಕಿಲೋಮೀಟರು. ನನ್ನನ್ನು ಇದೇ ದಡದ ಮೇಲಿನ ಊರಿಗೆ ಕೊಟ್ಟರು. ಹಸು ಕರು ಹಾಕಿದ್ದು, ಮಗುವಿಗೆ ಹಲ್ಲು ಬಂದದ್ದು, ಸಾರಿಗೆ ಹುಣಸೆಹಣ್ಣು ಮುಗಿದದ್ದು, ಎಲ್ಲವೂ ಕೂಗಿನಲ್ಲೇ ಹೊಳೆಯ ಮೇಲೆ ಹಾದು ಹೋಗುತ್ತಿತ್ತು. ನಾನು ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಕೂಗಿದವಳು, ನನ್ನ ಗಂಟಲಿಗೆ ಹೊಳೆ ಯಾವ ಲೆಕ್ಕ!

ಆದರೆ ಮದುವೆಗೆ ಕರೆಯುವುದು ಬೇರೆ. ನಮ್ಮಲ್ಲಿ ಮದುವೆಗೆ ಕರೆಯುವುದೆಂದರೆ ಹೊಸಿಲು ದಾಟಿ ಒಳಗೆ ಹೋಗಬೇಕು. ಮನೆಯೊಡತಿಯ ಹಣೆಗೆ ಕುಂಕುಮವಿಟ್ಟು, ಎಲೆ ಅಡಿಕೆ ಕೈಗೆ ಕೊಟ್ಟು, ಒಂದು ದಿನ ಮುಂಚೆಯೇ ಬಂದು ನಿಂತು ಮದುವೆ ಮಾಡಿಕೊಡಿ ಎಂದು ಬಾಯಿಬಿಟ್ಟು ಹೇಳಬೇಕು. ಕಾರ್ಡು ಕಳಿಸಿದರೆ, ಫೋನು ಮಾಡಿದರೆ ಅದು ಕರೆಯೇ ಅಲ್ಲ. ಮೊದಲ ಕಾರ್ಡು ದೇವರಿಗೆ, ಎರಡನೆಯದು ಹುಡುಗಿಯ ದೊಡ್ಡಮ್ಮನಿಗೆ.

ಮಗಳ ಮದುವೆ ಶ್ರಾವಣದಲ್ಲಿ ಗೊತ್ತಾಗಿತ್ತು. ಆ ಸಲದ ಮಳೆ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಕರೆಂಟಿಲ್ಲ, ಫೋನು ಸತ್ತು ಮೂರು ದಿನ. ದೇವರ ಮುಂದೆ ಮೊದಲ ಕಾರ್ಡಿಟ್ಟು, ಎರಡನೆಯದನ್ನು ಸೆರಗಿನೊಳಗೆ ಮುಚ್ಚಿಕೊಂಡು, ಕುಂಕುಮದ ಭರಣಿ ಹಿಡಿದು ಹೊಳೆ ದಡಕ್ಕೆ ಬಂದೆ. ತೆಪ್ಪದವನು ಕೈ ಮುಗಿದ. "ಅಕ್ಕಾವ್ರೇ, ಇವತ್ತು ನಿಮ್ಮನ್ನ ಹತ್ತಿಸ್ಕಂಡ್ರೆ ಮದ್ವೆ ಬದ್ಲು ತಿಥಿ ಮಾಡ್ಬೇಕಾಯ್ತದೆ" ಎಂದ. ಸೇತುವೆಯ ಕಡೆಯ ರಸ್ತೆಯ ಮೇಲೂ ನೀರು. ಆಚೆ ದಡದಲ್ಲಿ ನೋಡುತ್ತೇನೆ, ಅಕ್ಕ ಕೊಡೆ ಹಿಡಿದು ನಿಂತಿದ್ದಾಳೆ. ಪ್ರವಾಹ ನೋಡಲು ಅವಳ ವಾರಗಿತ್ತಿಯರೆಲ್ಲ ಬಂದಿದ್ದರು. ನಾನು ಎರಡು ಕೈ ಬಾಯಿಗಿಟ್ಟು ಕೂಗಿದೆ. "ಅಕ್ಕಾ! ಮಗಳ ಮದ್ವೆ! ಬುಧವಾರ ಗುರುವಾರ! ಎಲ್ರನ್ನೂ ಕರ್ಕಂಡು ಬಾ!"

ಅಕ್ಕ ಕೈ ಎತ್ತಿದಳು. ಸರಿ, ಒಪ್ಪಿದಳು ಎಂದುಕೊಂಡು ಮನೆಗೆ ಬಂದೆ.

ತಪ್ಪು ಅಲ್ಲಿ ಆಗಲಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಎರಡು ದಿನಕ್ಕೆ ನೀರಿಳಿಯಿತು, ರಸ್ತೆ ತೆರೆಯಿತು, ನಾನು ಹೋಗಲಿಲ್ಲ. ಮದುವೆ ಮನೆ, ಕೈತುಂಬಾ ಕೆಲಸ, ಅಕ್ಕನೇ ತಾನೇ, ಕರೆದಾಯಿತಲ್ಲ ಎಂದುಬಿಟ್ಟೆ. ಬೀಗರ ಕಡೆಯ ದೂರದ ನೆಂಟರ ಮನೆ ಬಾಗಿಲಿಗೆಲ್ಲ ಕೆಸರು ತುಳಿದುಕೊಂಡು ಹೋಗಿ ಕುಂಕುಮ ಇಟ್ಟು ಬಂದೆ. ಸ್ವಂತ ಅಕ್ಕನ ಹೊಸಿಲಿಗೆ ಮಾತ್ರ ಹೋಗಲಿಲ್ಲ.

ಅಕ್ಕ ಮದುವೆಗೆ ಬರಲಿಲ್ಲ. ಧಾರೆಯ ಹೊತ್ತಿನಲ್ಲೂ ನಾನು ಛತ್ರದ ಬಾಗಿಲನ್ನೇ ನೋಡುತ್ತಿದ್ದೆ. ಆಮೇಲೆ ತಮ್ಮ ಬಂದು ಅವಳ ಮಾತು ಮುಟ್ಟಿಸಿದ. "ಆಚೆ ದಡದಲ್ಲಿ ನಿಂತ್ಕಂಡು ದನ ಕರ್ದಂಗೆ ಕರೆದ್ಲು, ಅದೂ ನನ್ ವಾರಗಿತ್ತೀರ ಮುಂದೆ. ಹೋಗ್ಲಿ, ದಾರಿ ಬಿಟ್ಟ ಮೇಲಾದ್ರೂ ಬಂದ್ಲಾ?" ಕೇಳಿದ್ದೇ ನನಗೆ ಪಿತ್ತ ನೆತ್ತಿಗೇರಿತು. ಗಂಟಲು ಹರಿಯುವಂತೆ ಮಳೆಯಲ್ಲಿ ನೆನೆದು ಕೂಗಿದ್ದೇನೆ, ನನ್ನ ಒಬ್ಬಳೇ ಮಗಳ ತಲೆಗೆ ನಾಲ್ಕು ಕಾಳು ಅಕ್ಷತೆ ಹಾಕಲು ಇವಳಿಗೆ ಬಿಂಕ ಅಡ್ಡ ಬಂತೇ? ಅವಳೇ ಬರಲಿ, ಆಮೇಲೆ ನೋಡೋಣ ಎಂದೆ. ಅವಳೂ ಹಾಗೇ ಅಂದುಕೊಂಡಿರಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಮೂರು ವರ್ಷದ ಹಿಂದೆ ಭಾವ ತೀರಿಕೊಂಡರು. ಸಾವಿಗೆ ಯಾರೂ ಕರೆಯುವುದಿಲ್ಲ, ಸುದ್ದಿ ಮುಟ್ಟಿದರೆ ಹೋಗಬೇಕು. ಹೋದೆ. ಅಂಗಳದಲ್ಲಿ ನಿಂತು, ಭಾವನ ಬಾಯಿಗೆ ಅಕ್ಕಿ ಹಾಕಿ, ಮೂಲೆಯಲ್ಲಿ ಕೂತಿದ್ದ ಅಕ್ಕನ ಭುಜ ಹಿಡಿದುಕೊಂಡೆ. ಅವಳು ತಲೆ ಎತ್ತಲಿಲ್ಲ, ನನ್ನ ಕೈ ತೆಗೆಯಲೂ ಇಲ್ಲ. ಹನ್ನೊಂದನೆಯ ದಿನದ ತಿಥಿಗೆ ಅವರ ಮನೆಯಿಂದ ಯಾರೂ ಬಂದು ಕರೆಯಲಿಲ್ಲವೆಂದು ನಾನು ಹೋಗಲಿಲ್ಲ. ಗಂಡನನ್ನು ಕಳೆದುಕೊಂಡವಳ ಹತ್ತಿರ ನಾನು ಕರೆಯ ಲೆಕ್ಕ ಇಟ್ಟೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅರವತ್ತೊಂದು ನಡೆಯುತ್ತಿದೆ ನನಗೆ. ಊರಿನವರಿಗೆ ಟೀಚರಮ್ಮ, ಅಂಗಡಿಯವನಿಗೆ ಆಂಟಿ, ಬಸ್ಸಿನಲ್ಲಿ ಅಜ್ಜಿ. ಯಜಮಾನರು ನನ್ನನ್ನು "ಇವಳೇ" ಎನ್ನುವುದನ್ನೂ ಬಿಟ್ಟು ಬರೀ ಕೆಮ್ಮಿ ಕರೆಯುತ್ತಾರೆ. ಅಪ್ಪ ಅವ್ವ ಹೋಗಿಯಾಯಿತು. ನನ್ನನ್ನು ಗದರಿಸಿ, ಅಯ್ಯೋ ದಡ್ಡಮುಂಡೇದೇ ಎಂದು ಬೈಯುವ ಹಕ್ಕಿರುವ ಜೀವ ಈ ಭೂಮಿಯ ಮೇಲೆ ಒಂದೇ ಉಳಿದಿತ್ತು. ಅದು ಹೊಳೆಯ ಆಚೆಯಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ, ಕೂದಲು ಬಾಚುವಾಗ, ಸುಮ್ಮನೆ ಕೂತಿರುವಾಗಲೂ ನನಗೆ ಅವಳು ಬೇಕೆನಿಸುತ್ತಿತ್ತು. ಸಿಟ್ಟು ಯಾವಾಗಲೋ ಆರಿಹೋಗಿತ್ತು, ಹೋಗುವ ಮುಖ ಇರಲಿಲ್ಲ.

ಮೊನ್ನೆ, ಕಾಫಿ ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರ, ಮಗಳು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಳು. ಅವಳು ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ರಜೆಯ ದಿನ ನನಗೆ ಹೇಳುತ್ತಾಳೆ. ಅಳಿಯ ಸ್ನೇಹಿತನ ಮನೆಯ ಸಮಾರಂಭಕ್ಕೆಂದು ಕೊಡ್ಲಿಪೇಟೆಗೆ ಹೋಗಿದ್ದನಂತೆ. "ಏಳಮ್ಮ, ಸೀರೆ ಉಟ್ಕೋ. ಇವತ್ತು ನೆಪ ಹೇಳಿದ್ರೆ ನಾನಿನ್ನು ಈ ಮನೇಲಿ ಊಟಾನೇ ಮಾಡಲ್ಲ" ಎಂದಳು. ಯಜಮಾನರು ಪೇಪರಿನ ಹಿಂದಿನಿಂದಲೇ, ಅನ್ನ ಸಾರು ಇದೆಯಲ್ಲ, ನಾನೇ ಬಡಿಸಿಕೊಳ್ಳುತ್ತೇನೆ, ಹೋಗು ಎಂದರು. ಇಬ್ಬರೂ ಮಾತಾಡಿಕೊಂಡಿದ್ದರೆಂದು ನನಗೆ ಆಗಲೇ ಅನುಮಾನ ಬಂತು.

ಹೋಟೆಲು ಚೆನ್ನಾಗಿಯೇ ಇತ್ತು. ಹೊಟ್ಟೆ ಉರಿಯಿತು ಅಂತ ಸುಳ್ಳು ಹೇಳುವುದಿಲ್ಲ. ಗದ್ದೆಯನ್ನು ತಮ್ಮ ಮಾರಿದಾಗಲೇ ಅತ್ತು ಮುಗಿಸಿದ್ದೆ. ಬತ್ತದ ಸಸಿಮಡಿಯಿದ್ದ ಕಡೆ ಕಾರು ನಿಲ್ಲಿಸುತ್ತಾರೆ. ನಮ್ಮ ಬಾವಿಗೆ ದಪ್ಪ ಗಾಜಿನ ಮುಚ್ಚಳ ಹಾಕಿ, ಒಳಗೆ ದೀಪ ಬಿಟ್ಟಿದ್ದಾರೆ. ಜನ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ದುಬಾರೆಯಲ್ಲಿ ಆನೆ ನೋಡಿಕೊಂಡು, ಹೊಳೆಯಲ್ಲಿ ನೆನೆದು ಬಂದ ಸಂಸಾರಗಳು ಒದ್ದೆ ಬಟ್ಟೆಯಲ್ಲೇ ಕೂತು ತಿನ್ನುತ್ತಿದ್ದವು. ಮಗಳು ಮೊದಲೇ ಹೇಳಿಟ್ಟಿದ್ದಳೆಂದು ಕಾಣುತ್ತದೆ, ನಮಗೆ ದಡದ ಕಟಕಟೆಗೆ ತಾಗಿದ ಮೇಜು ಸಿಕ್ಕಿತು. ಕೆಳಗೆ ಹೊಳೆ. ನೀರು ಕಡಿಮೆಯಾಗಿ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಎದುರಿಗೆ ಅಕ್ಕನ ಮನೆಯ ಹಿಂದಿನ ತೆಂಗಿನ ಮರಗಳು, ನೀರಿಗಿಳಿಯುವ ಮೆಟ್ಟಿಲು, ಒಗೆಯುವ ಕಲ್ಲು. ನಾನು ಬೇಕೆಂದೇ ಹೊಳೆಗೆ ಬೆನ್ನು ಹಾಕಿ ಕೂತೆ.

"ಅಮ್ಮ, ಇಷ್ಟು ದೂರ ಬಂದು ಗೋಡೆ ನೋಡ್ತೀಯಲ್ಲ" ಎಂದಳು ಮಗಳು.

"ಗೋಡೆ ಚೆನ್ನಾಗೈತೆ ಕಣೆ" ಎಂದೆ.

ಬಡಿಸುವವಳು ಕಪ್ಪು ಏಪ್ರನ್ ಕಟ್ಟಿದ ನಲವತ್ತರ ಹೆಂಗಸು. ಸಿದ್ದಾಪುರದ ಕಡೆಯವಳಂತೆ, ಮೊದಲು ಎಸ್ಟೇಟಿನ ಕೂಲಿಯವರ ಲೈನಿನಲ್ಲಿದ್ದು ಕಾಫಿ ಹಣ್ಣಿನ ಪಿಕ್ಕಿಂಗ್ ಮಾಡುತ್ತಿದ್ದಳಂತೆ. ಅವಳು ತಂದಿಟ್ಟ ಮೆನು ಓದಲು ನನಗೆ ಕನ್ನಡಕ ಸಾಲಲಿಲ್ಲ, ಧೈರ್ಯವೂ ಬೇಕಾಯಿತು. ಅಕ್ಕಿ ರೊಟ್ಟಿಯನ್ನು ತುಂಡು ಮಾಡಿ ಎಣ್ಣೆಯಲ್ಲಿ ಕರಿದು ಅದಕ್ಕೆ ಬೇರೆ ಹೆಸರಿಟ್ಟಿದ್ದರು. ಹಂದಿ ಮಾಂಸವನ್ನು ಬನ್ನಿನೊಳಗೆ ಇಟ್ಟಿದ್ದರು. ಎಳೆಬಿದಿರಿನ ಕಣಿಲೆಗೆ ಚೀಸು ಸುರಿದಿದ್ದರು. ಪಾಪ, ಕಣಿಲೆ ಅವರಿಗೇನು ಮಾಡಿತ್ತೋ. ಕೊನೆಗೆ ಅನ್ನ, ಮೀನು ಸಾರು ಎಂದಿದ್ದನ್ನು ಹುಡುಕಿ ಬೆರಳಿಟ್ಟೆ.

"ಹೊಳೆ ಮೀನಾ?" ಎಂದು ಕೇಳಿದೆ.

ಅವಳು ಆಚೀಚೆ ನೋಡಿ ಬಗ್ಗಿ, "ಇಲ್ಲ ಅಮ್ಮಾ, ಮಂಗಳೂರಿಂದ ಐಸಲ್ಲಿ ಬರುದು. ಸಾರು ಮಾತ್ರ ಒಳ್ಳೆದುಂಟು" ಎಂದಳು. ನಿಜ ಹೇಳಿದಳಲ್ಲ ಎಂದು ಅವಳ ಮೇಲೆ ನನಗೆ ಪ್ರೀತಿ ಬಂತು.

ಕಾಫಿ ಹಾಕಿ ಮಾಡಿದ ಬಿಯರ್ ಇದೆಯೆಂದು ಮಗಳು ಓದಿದಳು. ತಾನು ಕಾರು ಓಡಿಸಬೇಕು, ತನಗೆ ನಿಂಬೆ ಸೋಡ ಸಾಕು, ನೀನು ಬೇಕಾದರೆ ರುಚಿ ನೋಡು ಎಂದು ನನ್ನನ್ನು ಕೆಣಕಿದಳು. ನಾನು ಹಿಂದೆ ಸರಿಯುವವಳೇ? ತರಿಸು ಎಂದೆ. ಅರ್ಧ ಲೋಟ ಬಂತು. ಕಹಿ ಕಷಾಯದಂತಿತ್ತು. ಆದರೆ ಬಿಸಿಲಿಗೆ ತಣ್ಣಗಿತ್ತು, ಗುಟುಕು ಗುಟುಕಾಗಿ ಪೂರ್ತಿ ಇಳಿಸಿದೆ. ಅನ್ನಕ್ಕೆ ಸಾರು ಕಲಸಿ ನಾಲ್ಕು ತುತ್ತು ತಿಂದೆ. ಜೀರಿಗೆ ಮೆಣಸಿನ ಖಾರಕ್ಕೆ ಮೂಗಿನಲ್ಲಿ ನೀರು ಬಂತು. ಒರೆಸಿಕೊಳ್ಳುತ್ತಾ ಮಗಳ ಮುಖ ನೋಡಿದರೆ, ಅವಳು ನನ್ನ ಹೆಗಲ ಮೇಲಿಂದ ಹೊಳೆಯ ಕಡೆ ನೋಡುತ್ತಿದ್ದಳು.

"ಅಮ್ಮ, ದೊಡ್ಡಮ್ಮ" ಎಂದಳು.

ತಿರುಗಿದೆ. ಮೆಟ್ಟಿಲಿಳಿದು ಬಂದು ಅಕ್ಕ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಕೈಯಲ್ಲಿ ಬಕೆಟ್ಟಿಲ್ಲ, ಬಟ್ಟೆಯಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಮೊಣಕಾಲು ಎತ್ತಿ ಅದರ ಮೇಲೆ ಕೈಯಿಟ್ಟುಕೊಂಡು ಕೂತಳು, ಥೇಟ್ ನಮ್ಮವ್ವ ಕೂರುತ್ತಿದ್ದ ಹಾಗೆ. ನನಗೆ ಗೊತ್ತಿಲ್ಲದೆಯೇ ಎದ್ದು ಕಟಕಟೆ ಹಿಡಿದು ನಿಂತಿದ್ದೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ಈ ಕಡೆ ನೋಡಿದಳು. ಒಂದು ನಿಮಿಷ ಹಾಗೇ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಬೆನ್ನು ತಿರುಗಿಸಿ, ಮೆಟ್ಟಿಲು ಹತ್ತಿ ಹೊರಟುಹೋದಳು.

"ಕೂಗಮ್ಮ! ಕೂಗು!" ಎಂದು ಮಗಳು ನನ್ನ ಸೆರಗು ಎಳೆದಳು.

"ಬಾಯ್ಮುಚ್ಚು. ಕೂಗಿದ್ದಕ್ಕೇ ಏಳು ವರ್ಷ ಆಗಿರೋದು."

ಕೂತೆ. ನನ್ನನ್ನು ಗುರುತಿಸಿದ್ದಾಳೆ, ಗುರುತಿಸಿಯೇ ಎದ್ದು ಹೋಗಿದ್ದಾಳೆ. ನನ್ನ ಮುಖ ನೋಡಲೂ ಇಷ್ಟವಿಲ್ಲ ಅವಳಿಗೆ. ಸುತ್ತ ಜನ ನಗುತ್ತಾ ತಿನ್ನುತ್ತಿದ್ದರು, ಯಾವುದೋ ಹಾಡು ದಬದಬ ಬಡಿಯುತ್ತಿತ್ತು, ನಾನು ಅಪ್ಪನ ಗದ್ದೆಯಲ್ಲಿ ಕೂತು ಅನ್ನದ ತಟ್ಟೆಯ ಮುಂದೆ ಅತ್ತೆ. ಮಗಳು ಹೆದರಿ, "ನಾನೇ ತಪ್ಪು ಮಾಡಿದೆ, ನಿಮ್ಮಿಬ್ಬರನ್ನೂ ಎದುರುಬದುರು ಕೂರಿಸಿದರೆ ಸಾಕು ಅಂದ್ಕೊಂಡಿದ್ದೆ" ಎಂದಳು. ಅವಳಿಗೂ ಕಣ್ಣು ತುಂಬಿತು. ಅವಳ ಧಾರೆಯಲ್ಲಿ ಖಾಲಿ ಉಳಿದದ್ದು ಅವಳ ದೊಡ್ಡಮ್ಮನ ಜಾಗ ತಾನೇ.

ಬಡಿಸುವವಳು ಓಡಿ ಬಂದಳು. ಸಾರು ಕೆಟ್ಟಿದೆಯೆಂದು ಅಳುತ್ತಿದ್ದೇನೆ ಎಂದುಕೊಂಡಳೋ ಏನೋ, ಬೇರೆ ತರಲೇ ಎಂದು ಕೇಳಿದಳು. ಮಗಳು ವಿಷಯ ಹೇಳಿದಳು: ಆಚೆ ದಡದಲ್ಲಿ ಕೂತಿದ್ದವರು ಅಮ್ಮನ ಅಕ್ಕ, ನಮ್ಮನ್ನು ನೋಡಿ ಎದ್ದು ಹೋದರು.

"ಅಯ್ಯೋ, ಆ ಅಮ್ಮನಾ?" ಎಂದಳು ಅವಳು. "ಅವರು ದಿನಾ ಬರುದು. ಹೋಟ್ಲು ಶುರುವಾದಂದಿಂದ ನೋಡ್ತಾ ಇದ್ದೇನೆ. ಮಳೆ ಬಂದ್ರೆ ಕೊಡೆ ಹಿಡ್ಕೊಂಡು ಕೂರುದು. ಒಂದೊಂದು ಮೇಜನ್ನೂ ನೋಡುದು. ನಾವು ಹೋಟ್ಲಿಗೆ ದೃಷ್ಟಿ ಹಾಕ್ತಾರೆ ಅಂತ ತಮಾಷೆ ಮಾಡ್ತಿದ್ದದ್ದು. ಯಾರನ್ನೋ ಹುಡುಕ್ತಾ ಇದ್ದದ್ದು ಅಂತ ಈಗ ಗೊತ್ತಾಯ್ತು."

ಒಂದೊಂದು ಮೇಜನ್ನೂ. ಎರಡು ವರ್ಷ ನಾನು ಮೊಣಕಾಲು, ಮೆಣಸು ಎಂದು ನೆಪ ಹೇಳಿಕೊಂಡು ಮನೆಯಲ್ಲಿ ಕೂತಿದ್ದೆ, ಅವಳು ದಿನವೂ ಬಂದು ಈ ಮೇಜುಗಳನ್ನು ನೋಡುತ್ತಿದ್ದಳು! ನನಗೆ ನನ್ನ ಮೇಲೇ ಎಂಥಾ ಕೋಪ ಬಂತೆಂದರೆ, ಕೈ ಕೂಡ ಸರಿಯಾಗಿ ತೊಳೆಯದೆ ಎದ್ದೆ. "ನಡಿ, ಕಾರು ತೆಗಿ. ಮುಖ ತಿರುಗಿಸ್ತಾಳೋ, ಬಾಗ್ಲು ಹಾಕ್ಕತ್ತಾಳೋ, ಏನಾದ್ರೂ ಮಾಡ್ಲಿ. ಅವಳ ಹೊಸ್ಲಿಗೆ ಹೋಗ್ಲೇಬೇಕು ನಾನು."

ಮಗಳು ಬಡಿಸುವವಳಿಗೆ, ಮೇಜು ಹಾಗೇ ಇರಲಿ, ಏನೂ ತೆಗೆಯಬೇಡಿ, ದೊಡ್ಡಮ್ಮನನ್ನು ಕರೆದುಕೊಂಡೇ ಬರುತ್ತೇವೆ ಎಂದಳು. ಬಡಿಸುವವಳು ಗುರುತಿಗೆಂದು ನನ್ನ ಕನ್ನಡಕದ ಡಬ್ಬಿಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟಳು.

ಕುಶಾಲನಗರದಲ್ಲಿ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿದೆ. ಎಲೆ ಅಡಿಕೆ, ಬಾಳೆಹಣ್ಣು, ಕುಂಕುಮ ಕೇಳಿದೆ. ಏಳು ವರ್ಷ ತಡವಾದರೂ ಮದುವೆಗೆ ಕರೆಯುವ ಹಾಗೆಯೇ ಕರೆಯುತ್ತೇನೆ, ಅವಳು ನಕ್ಕರೂ ಸರಿ ಎಂದುಕೊಂಡಿದ್ದೆ. ಅಂಗಡಿಯವನು ಕುಂಕುಮದ ಪೊಟ್ಟಣ ಕೈಗಿಟ್ಟ. ಆಗ ನೆನಪಾಯಿತು. ಭಾವ ಹೋಗಿ ಮೂರು ವರ್ಷ. ಅಕ್ಕನ ಹಣೆಗೆ ಈಗ ಕುಂಕುಮ ಇಡುವ ಹಾಗಿಲ್ಲ. ಇಡಬಹುದಾಗಿದ್ದಾಗ, ರಸ್ತೆ ತೆರೆದಿದ್ದಾಗ, ಭರಣಿ ಮನೆಯಲ್ಲೇ ಇದ್ದಾಗ, ನಾನು ಇಡಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಮಗಳು ಇಳಿದು ಬಂದು ಕೇಳಿದಳು, ಹೇಳಿದೆ. "ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರಮ್ಮ ನೋಡ್ತಾರೆ, ಇಡು" ಎಂದಳು. ಯಾರು ನೋಡಲಿ ಬಿಡಲಿ, ಅಕ್ಕ ನೋಡುತ್ತಾಳೆ. ಅಂಥವಳೇ ಅವಳು. ಪೊಟ್ಟಣವನ್ನು ವಾಪಸು ಕೊಡಲು ಮಾತ್ರ ಕೈ ಬರಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡೆ. ಎರಡು ಏಲಕ್ಕಿಯನ್ನೂ ಇಸಿದುಕೊಂಡು ಬಾಯಿಗೆ ಹಾಕಿಕೊಂಡೆ. ಏಳು ವರ್ಷದ ಮೇಲೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಬಾಯಲ್ಲಿ ಬಿಯರಿನ ವಾಸನೆ! ಹಣೆಬರಹ ನೋಡಿ.

ಭಾನುವಾರವಾದ್ದರಿಂದ ಸೇತುವೆಯ ಮೇಲೆ ಪ್ರವಾಸಿಗರ ವಾಹನಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಜೀಪು, ಬಸ್ಸು, ಆಟೋ. ನಾನು ಯಾವುದನ್ನೂ ನೋಡಲಿಲ್ಲ. ಮೊದಲ ಮಾತು ಏನಾಡಬೇಕೆಂದು ಬಾಯಲ್ಲೇ ಅಭ್ಯಾಸ ಮಾಡುತ್ತಿದ್ದೆ. ತಪ್ಪಾಯಿತಕ್ಕ ಎಂದರೆ ನಾಟಕದವರ ಹಾಗಾಗುತ್ತದೆ. ಚೆನ್ನಾಗಿದ್ದೀಯಾ ಎಂದರೆ ನೆಂಟರ ಹಾಗಾಗುತ್ತದೆ. ಅಕ್ಕನ ಜೊತೆ ಮಾತು ಶುರುಮಾಡುವುದು ಹೇಗೆಂಬುದೇ ನನಗೆ ಮರೆತುಹೋಗಿತ್ತು.

ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಬಲಗಾಲಿಟ್ಟು ಹೊಸಿಲು ದಾಟಿದೆ. ನಡುಮನೆಯಲ್ಲಿ ಅವಳ ಸೊಸೆ ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ನನ್ನನ್ನು ನೋಡಿ ಮೊರ ಚೆಲ್ಲಿಕೊಂಡು ಎದ್ದಳು.

"ಅಯ್ಯಯ್ಯೋ ಚಿಕ್ಕತ್ತೆ! ನೀವಿಲ್ಗ್ ಬಂದ್ರಾ? ಅತ್ತೆ ಅಲ್ಗೇ ಹೋದ್ರಲ್ಲ!"

"ಎಲ್ಗೆ?"

"ಅದೇ, ಆ ಹೋಟ್ಲಿಗೆ. ಹೊಳೆ ತಾವಿಂದ ಏದುಸಿರು ಬಿಟ್ಕಂಡು ಓಡ್ಬಂದ್ರು. 'ನನ್ ತಂಗಿ ಬಂದವ್ಳೆ, ಅಪ್ಪನ್ ಗದ್ದೇಲಿ ಕೂತವ್ಳೆ, ಎದ್ದು ಹೋಗೋದ್ರೊಳ್ಗೆ ಹಿಡ್ಕಬೇಕು' ಅಂದ್ರು. ಸೀರೆನೂ ಬದ್ಲಾಯಿಸ್ನಿಲ್ಲ. ಪಕ್ಕದ್ಮನೆ ಆಟೋ ಹತ್ಕಂಡ್ರು. ಫೋನು ನೋಡಿ, ಇಲ್ಲೇ ಚಾರ್ಜಿಗೆ ಹಾಕೈತೆ!"

ಅವಳು ಬೆನ್ನು ತಿರುಗಿಸಿದ್ದು ನನ್ನ ಹತ್ತಿರ ಬರುವುದಕ್ಕೆ. ಸೇತುವೆಯ ಮೇಲೆ ಆ ವಾಹನಗಳ ನಡುವೆ ನನ್ನ ಪಕ್ಕದಲ್ಲೇ ಹಾದುಹೋಗಿದ್ದಾಳೆ. ಈಗ ಅಲ್ಲಿ ಖಾಲಿ ಕುರ್ಚಿ ನೋಡುತ್ತಾಳೆ. ಅವಳನ್ನು ಕಂಡದ್ದೇ ನಾನು ಎದ್ದು ಓಡಿಹೋದೆ ಎಂದುಕೊಳ್ಳುತ್ತಾಳೆ. ಹಾಗಂದುಕೊಂಡು ಆಟೋ ತಿರುಗಿಸಿದರೆ ಇನ್ನೊಂದು ಏಳು ವರ್ಷ. ಅಷ್ಟು ವರ್ಷ ನಮ್ಮಿಬ್ಬರ ಹತ್ತಿರವೂ ಇವೆಯೋ ಇಲ್ಲವೋ. ಮಗಳು ಹೋಟೆಲಿನ ನಂಬರು ಹುಡುಕುತ್ತಿದ್ದಳು. ನಾನು ಕಾಯಲಿಲ್ಲ. ಹಿತ್ತಲ ಬಾಗಿಲಿನಿಂದ ಓಡಿದೆ, ಮೊಣಕಾಲು ನೋವೆಂಬುದು ಎಲ್ಲಿತ್ತೋ. ತೆಂಗಿನ ಮರಗಳ ನಡುವೆ, ಮೆಟ್ಟಿಲಿಳಿದು, ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತೆ.

ಎದುರು ದಡದಲ್ಲಿ ಹೋಟೆಲು ಪೂರ್ತಿ ಕಾಣುತ್ತಿತ್ತು. ನಮ್ಮ ಮೇಜಿನ ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಮನೆಯಲ್ಲುಟ್ಟ ಸೀರೆ, ಬಿಳಿ ತಲೆ. ಬಡಿಸುವವಳು ಅವಳಿಗೆ ಏನೋ ಹೇಳುತ್ತಾ ಕೈ ಮಾಡಿ ಹೊಳೆಯ ಈಚೆಗೆ ತೋರಿಸಿದಳು. ಅಕ್ಕ ತಿರುಗಿದಳು. ನನ್ನನ್ನು ನೋಡಿದಳು, ಮೇಜಿನ ಮೇಲಿದ್ದ ತಟ್ಟೆಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಕಟಕಟೆಯ ಹತ್ತಿರ ಬಂದು, ಅಷ್ಟೂ ಜನರ ನಡುವೆ, ಎರಡು ಕೈಯನ್ನೂ ಬಾಯಿಗಿಟ್ಟುಕೊಂಡಳು.

"ಏಯ್ ದಡ್ಡಮುಂಡೇದೇ! ತಟ್ಟೇಲಿ ಅನ್ನ ಬಿಟ್ಟು ಎದ್ದು ಹೋಯ್ತಾರೇನೇ?"

ಹೋಟೆಲಿನವರೆಲ್ಲ ತಿರುಗಿ ನೋಡುತ್ತಿದ್ದರು. ನನಗೆ ಅಳುವೂ ಬಂತು, ನಗುವೂ ಬಂತು, ಮೂವತ್ತು ವರ್ಷ ಕೂಗಿದ ಗಂಟಲಿನಿಂದ ಮೊದಲ ಸಲಕ್ಕೆ ದನಿ ಹೊರಡಲೇ ಇಲ್ಲ. ನಾನು ಸುಮ್ಮನಿದ್ದುದನ್ನು ನೋಡಿ ಅವಳ ಕೈ ಕೆಳಗಿಳಿಯಿತು. ಅದನ್ನು ನೋಡಿದ್ದೇ ನೀರಿಗೆ ಇಳಿದುಬಿಟ್ಟೆ, ಸೀರೆ ಮೊಣಕಾಲಿನವರೆಗೂ ನೆನೆಯಿತು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

"ಬಂದೇ ಕಣಕ್ಕಾ! ಬಂದೇ! ಅಲ್ಲೇ ಕೂತಿರು, ಎದ್ದು ಹೋಗ್ಬೇಡ!"